ರಸಾಯನಶಾಸ್ತ್ರದ ಮೇಷ್ಟ್ರು ಕಟ್ಟಿದ ತಂಡ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಹೊಸ ಬೋಧನಾ ವಿಧಾನ ಯಾವುದಿದೆ ಎಂದು ನನ್ನನ್ನು ಕೇಳುತ್ತಾರೆ. ಆಗ ನಾನು ಅಮೆರಿಕದ ನೂಟ್ ರಾಕ್ನಿ ಅವರ ಬದುಕನ್ನು ಹೇಳುವುದುಂಟು. ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರು ಹೆಸರಾದದ್ದು ಕಾಲೇಜು ಫುಟ್‌ಬಾಲ್ ಕೋಚ್ ಆಗಿ. ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಅಮೆರಿಕದ ಆಟ.

ರಾಕ್ನಿ ಹುಟ್ಟಿದ್ದು 1888ರಲ್ಲಿ, ನಾರ್ವೆಯ ವೋಸ್‌ನಲ್ಲಿ. ಐದನೇ ವಯಸ್ಸಿಗೆ ಷಿಕಾಗೋಗೆ ಬಂದರು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ಹಣ ಕೂಡಿಸಿ, 22ನೇ ವಯಸ್ಸಿನಲ್ಲಿ ಇಂಡಿಯಾನಾದ ನೋಟರ್ ಡೇಮ್ ಸೇರಿದರು.

ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಆದರೂ ಬಹಳಷ್ಟು ತಂಡಗಳು ಅದನ್ನು ಗತಿಯಿಲ್ಲದಾಗ ಮಾತ್ರ ಬಳಸುತ್ತಿದ್ದವು. 1913ರ ಬೇಸಿಗೆಯಲ್ಲಿ ರಾಕ್ನಿ ಮತ್ತು ಗೆಳೆಯ ಗಸ್ ಡೊರೇಯ್ ಓಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಕೆಲಸಕ್ಕಿದ್ದರು. ಬಿಡುವಾದಾಗೆಲ್ಲ ಈರಿ ಸರೋವರದ ಮರಳ ದಂಡೆಯಲ್ಲಿ ಒಬ್ಬರು ಎಸೆಯುವುದು, ಇನ್ನೊಬ್ಬರು ಓಡುತ್ತಲೇ ಹಿಡಿಯುವುದು. ಆ ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಬಲಿಷ್ಠ ಸೇನಾ ತಂಡವನ್ನು ನೋಟರ್ ಡೇಮ್ 35–13ರಿಂದ ಸೋಲಿಸಿತು. ಈ ಎಸೆತವನ್ನು ಕಂಡುಹಿಡಿದವರೇ ಅವರು ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಎಲ್ಲರ ಕೈಯಲ್ಲೂ ಇದ್ದ ವಿಧಾನವನ್ನು ಅವರು ರೂಢಿ ಮಾಡಿಕೊಂಡಿದ್ದರು, ಅಷ್ಟೇ.

1914ರಲ್ಲಿ ಪದವಿ ಪಡೆದು ಅಲ್ಲೇ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕರಾಗಿ ಉಳಿದರು. ಸಂಜೆ ಮೈದಾನದಲ್ಲಿ ಸಹಾಯಕ ಕೋಚ್. 1918ರಲ್ಲಿ ಮುಖ್ಯ ಕೋಚ್ ಆದರು. ಅವರ ಆಕ್ರಮಣದ ಜೀವಾಳ 'ಷಿಫ್ಟ್'. ಹಿಂದಿನ ನಾಲ್ವರು ಆಟಗಾರರು ಒಂದು ವ್ಯೂಹದಲ್ಲಿ ನಿಂತು, ಸಂಕೇತ ಬಿದ್ದೊಡನೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಇನ್ನೊಂದಕ್ಕೆ ಜಿಗಿಯುತ್ತಿದ್ದರು. ಎದುರಾಳಿ ಸರಿದು ನಿಲ್ಲುವಷ್ಟರಲ್ಲಿ ಚೆಂಡು ಹೊರಟಿರುತ್ತಿತ್ತು. ಇದೂ ಅವರ ಸ್ವಂತದ್ದಲ್ಲ, ಹಿಂದಿನ ಕೋಚ್ ಜೆಸ್ಸಿ ಹಾರ್ಪರ್ ಅವರಿಂದ ಬಂದದ್ದು. ತಾಳ ತಪ್ಪದಂತೆ ತಿದ್ದಿದ್ದು ರಾಕ್ನಿ. ಜಿಗಿದ ಮೇಲೆ ಪೂರ್ತಿ ಒಂದು ಸೆಕೆಂಡ್ ನಿಲ್ಲಬೇಕೆಂದು 1927ರಲ್ಲಿ ನಿಯಮ ಬಂತು. ಅವರು ಪ್ರತಿಭಟಿಸಿದರು, ಆಮೇಲೆ ಆ ಸೆಕೆಂಡನ್ನೂ ಅಭ್ಯಾಸಕ್ಕೆ ಸೇರಿಸಿಕೊಂಡರು. 1929 ಮತ್ತು 1930ರಲ್ಲಿ ಅವರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪದ್ಧತಿ. ಎಷ್ಟೋ ಪಂದ್ಯಗಳನ್ನು ಅವರು ಎರಡನೇ ಸಾಲಿನ ಆಟಗಾರರಿಂದ ಆರಂಭಿಸುತ್ತಿದ್ದರು. ಎದುರಾಳಿ ದಣಿಯುತ್ತಿದ್ದ; ಮೊದಲ ಸಾಲಿನವರು ಬೆಂಚಿನಲ್ಲಿ ಕುಳಿತು ಅವನನ್ನು ಓದಿಕೊಳ್ಳುತ್ತಿದ್ದರು. ಸಹಪಾಠಿಯ ಪಾಠ ವೀಕ್ಷಿಸುವಾಗ ಹಾಳೆ ತುಂಬಿಸಿ ಎದ್ದುಬರುವ ನಮ್ಮ ತರುಣರು ಇದನ್ನು ಗಮನಿಸಬೇಕು.

ಅವರ ವಿರಾಮಕಾಲದ ಭಾಷಣಗಳ ಬಗ್ಗೆ ಸಿನಿಮಾ ಕೂಡ ಬಂದಿದೆ. ಹದಿಮೂರು ವರ್ಷಗಳಲ್ಲಿ 105 ಗೆಲುವು, 12 ಸೋಲು, 5 ಸಮ: ಇಷ್ಟೆಲ್ಲ ಭಾಷಣದಿಂದ ಬಂತೆಂದು ನಾನು ಒಪ್ಪಲಾರೆ. 1929ರಲ್ಲಿ ಕಾಲಿನ ರಕ್ತನಾಳದ ಕಾಯಿಲೆ ಬಂದಾಗ ಗಾಲಿಕುರ್ಚಿಯಲ್ಲಿ ಕುಳಿತೇ ತರಬೇತಿ ನೀಡಿದರು.

1931ರ ಮಾರ್ಚ್ 31ರಂದು ಕ್ಯಾನ್ಸಸ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 43 ವರ್ಷ. 1924ರ ತಂಡದಲ್ಲಿ ಷಿಫ್ಟ್ ಆಡಿದ ಆ ನಾಲ್ವರು ಹುಡುಗರೂ ಮುಂದೆ ಕೋಚ್‌ಗಳಾದರು. ಅವರಲ್ಲೊಬ್ಬರಾದ ಎಲ್ಮರ್ ಲೇಡನ್ 1934ರಲ್ಲಿ ಗುರುವಿನ ಸ್ಥಾನಕ್ಕೇ ಬಂದರು.