ಹೆಸರನ್ನು ಬೇಡದ ದಾನಿ: ಜಮ್‌ಶೇಟ್‌ಜಿ ತಾತಾ

ತರೀಕೆರೆಯ ಮೇಲಣ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಅದರ ಸಂಪತ್ತಿನ ಸುಳಿವಿದೆ. ಬಾಬಾಬುಡನ್ ಗಿರಿಶ್ರೇಣಿಯ ಆ ಕೆಂಪು ನೆಲದೊಳಗಿನ ಅದಿರು ಭದ್ರಾವತಿಯ ಕುಲುಮೆಗಿಳಿದು, ೧೯೨೩ರಿಂದ ಮೈಸೂರು ಸೀಮೆಗೆ ಕಬ್ಬಿಣವನ್ನಿತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ವಿಶ್ರಾಂತಿಗೆ ಆರಿಸಿಕೊಂಡ ಗಿರಿಯೂ ಅದೇ. ಈ ಎರಡು ಸಂಗತಿಗಳೂ ನಮ್ಮ ಮನಸ್ಸನ್ನು ಒಬ್ಬ ಪಾರಸಿ ಮಹನೀಯರ ಕಡೆಗೆ ಒಯ್ಯುತ್ತವೆ. ಭದ್ರಾವತಿಯ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಇಂಜಿನಿಯರ್ ಪೆರಿನ್ನರು ಅದಕ್ಕೆ ಮುಂಚೆ ಆ ಮಹನೀಯರ ಉಕ್ಕಿನ ಸಂಕಲ್ಪಕ್ಕಾಗಿ ದುಡಿದವರು. ಕೃಷ್ಣರಾಜ ಒಡೆಯರು ಅವರ ವಿದ್ಯಾದಾನಕ್ಕೆ ನೆಲವನ್ನಿತ್ತವರು. ಜಮ್‌ಶೇಟ್‌ಜಿ ನಸರ್ವಾನ್‌ಜಿ ತಾತಾ ಅವರ ಚರಿತ್ರೆಯನ್ನು ಕನ್ನಡಿಗರು ಪರರ ಕಥೆಯೆಂದು ಓದಬೇಕಾಗಿಲ್ಲ.

ಅವರು ಗುಜರಾತಿನ ನವಸಾರಿಯಲ್ಲಿ ೧೮೩೯ನೆಯ ಮಾರ್ಚಿ ೩ರಂದು ಪುರೋಹಿತರ ಮನೆತನದಲ್ಲಿ ಜನಿಸಿದರು. ತಂದೆ ನಸರ್ವಾನ್‌ಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಯಲ್ಲಿ ವ್ಯಾಪಾರಕ್ಕಿಳಿದಿದ್ದರು. ಮಗನು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗಮಾಡಿ, ತಂದೆಯ ವ್ಯವಹಾರದಲ್ಲಿ ಪಳಗಿ, ೧೮೬೮ರಲ್ಲಿ ೨೧,೦೦೦ ರೂಪಾಯಿಗಳ ಬಂಡವಾಳದಿಂದ ತನ್ನದೇ ವ್ಯಾಪಾರವನ್ನು ತೆರೆದನು. ೧೮೭೭ರ ಹೊಸ ವರ್ಷದ ದಿನ ನಾಗಪುರದಲ್ಲಿ ಎಂಪ್ರೆಸ್ ಗಿರಣಿ ಆರಂಭವಾಯಿತು. ಹತ್ತಿ ಬೆಳೆಯುವ ನಾಡಿನ ನಡುವೆಯೇ ಗಿರಣಿ ಇರಬೇಕೆಂಬುದು ಅವರ ಎಣಿಕೆ, ಅದು ಹುಸಿಯಾಗಲಿಲ್ಲ. ಕೂಲಿಕಾರರ ವೃದ್ಧಾಪ್ಯದ ಚಿಂತೆಯನ್ನು ಮಾಲೀಕರು ವಹಿಸಿಕೊಳ್ಳುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಅದಕ್ಕಾಗಿ ನಿಧಿಗಳನ್ನು ಏರ್ಪಡಿಸಿದರು.

ಧನವಂತರಾದವರು ನಮ್ಮಲ್ಲಿ ಅನೇಕರಿದ್ದರು, ದಾನಿಗಳಿಗೂ ಕೊರತೆಯಿರಲಿಲ್ಲ. ಕೆರೆ ಕಟ್ಟಿಸುವುದು, ಅರವಟ್ಟಿಗೆ ಇಡುವುದು, ಛತ್ರ ಕಟ್ಟಿಸುವುದು ಈ ದೇಶದ ಪ್ರಾಚೀನ ಧರ್ಮ. ಬಾಯಾರಿದವನಿಗೆ ನೀರಿತ್ತ ಆ ಧರ್ಮವನ್ನು ಹಳಿಯುವಂತಿಲ್ಲ. ಆದರೆ ತಾತಾ ಅವರು ಕೊಡುವ ವಿಧಾನವನ್ನೇ ಹೊಸತಾಗಿ ಆಲೋಚಿಸಿದರು. ೧೮೯೨ರಲ್ಲಿ ಅವರು ಸ್ಥಾಪಿಸಿದ ನಿಧಿಯು ಬುದ್ಧಿವಂತ ತರುಣರನ್ನು ಉನ್ನತ ವ್ಯಾಸಂಗಕ್ಕಾಗಿ ವಿದೇಶಗಳಿಗೆ ಕಳುಹಿಸಿತು. ಕೊಟ್ಟ ಹಣ ಭಿಕ್ಷೆಯಲ್ಲ, ಸಾಲ. ವಿದ್ಯಾರ್ಥಿಯು ಸಂಪಾದಿಸತೊಡಗಿದ ಮೇಲೆ ಅದನ್ನು ಮರಳಿಸಬೇಕು. ಮರಳಿದ ಹಣದಿಂದ ಇನ್ನೊಬ್ಬನು ಓದಬೇಕು. ಹೀಗೆ ತೆಗೆದುಕೊಂಡವನ ಮಾನ ಉಳಿಯಿತು, ನಿಧಿಯೂ ಬತ್ತಲಿಲ್ಲ.

೧೮೯೩ರಲ್ಲಿ ಜಪಾನಿನಿಂದ ಅಮೆರಿಕಾ ಖಂಡಕ್ಕೆ ಹೊರಟ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಸಹವಾಸ ದೊರೆಯಿತು. ಐದು ವರ್ಷಗಳ ತರುವಾಯ ತಮ್ಮ ವಿಜ್ಞಾನಮಂದಿರದ ಸಂಕಲ್ಪಕ್ಕೆ ನೆರವನ್ನು ಕೋರಿ ಸ್ವಾಮಿಗಳಿಗೆ ಪತ್ರ ಬರೆದರು. ಅದಕ್ಕೆಂದು ತಾತಾ ಅವರು ಮೀಸಲಿಟ್ಟ ಸ್ಥಿರಾಸ್ತಿಯ ಬೆಲೆ ೩೦ ಲಕ್ಷ ರೂಪಾಯಿ. ೧೮೯೮ರ ಡಿಸೆಂಬರಿನ ಕೊನೆಯ ದಿನ ಈ ಯೋಜನೆ, ಆಗತಾನೆ ಬಂದಿಳಿದಿದ್ದ ಲಾರ್ಡ್ ಕರ್ಜನ್ನರ ಮುಂದೆ ಬಂತು. ಇಷ್ಟು ದೊಡ್ಡ ವಿದ್ಯೆಗೆ ವಿದ್ಯಾರ್ಥಿಗಳೆಲ್ಲಿ, ಕಲಿತವರಿಗೆ ಉದ್ಯೋಗವೆಲ್ಲಿ ಎಂಬುದೇ ವೈಸರಾಯರ ಸಂಶಯ. ವರ್ಷಗಳು ಪರಿಶೀಲನೆಯಲ್ಲಿ ಕಳೆದವು. ರಸಾಯನಶಾಸ್ತ್ರಜ್ಞ ಸರ್ ವಿಲಿಯಂ ರಾಂಸೆಯವರು ದೇಶವನ್ನು ಸುತ್ತಿ ಬೆಂಗಳೂರನ್ನು ಸೂಚಿಸಿದರು. ಅನಂತರ ಮತ್ತೊಂದು ಸಮಿತಿ ಬಂತು.

ಆಗ ಕೈಹಿಡಿದದ್ದು ಮೈಸೂರು. ವಾಣೀವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್‌ರವರ ದಿವಾನಗಿರಿಯಲ್ಲಿ ಮೊಳೆತ ಆದರವು ಕೃಷ್ಣರಾಜ ಒಡೆಯರ ಕಾಲದಲ್ಲಿ ಫಲಿಸಿತು. ೧೯೦೭ರಲ್ಲಿ ಸಂಸ್ಥಾನವು ೩೭೧ ಎಕರೆ ಭೂಮಿಯನ್ನು ಉಚಿತವಾಗಿ ಕೊಟ್ಟಿತು. ಕಟ್ಟಡಗಳಿಗೆ ಧನವನ್ನೂ ಪ್ರತಿವರ್ಷದ ಸಹಾಯವನ್ನೂ ಒದಗಿಸಿತು.

ಇದಾವುದನ್ನೂ ನೋಡಲು ದಾನಿಗಳು ಉಳಿದಿರಲಿಲ್ಲ. ೧೯೦೪ನೆಯ ಮೇ ೧೯ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ತೀರಿಕೊಂಡಿದ್ದರು. ಉಕ್ಕಿನ ಕಾರ್ಖಾನೆಯೂ ವಿಜ್ಞಾನಮಂದಿರವೂ ಆಗ ಬರಿಯ ಕಾಗದದ ಮೇಲಿದ್ದವು. ದಾತೃವಿನ ಮರಣದೊಡನೆ ದಾನವೂ ಕರಗಿಹೋಗುವುದನ್ನು ನಾವು ಎಷ್ಟೋ ಕಂಡಿದ್ದೇವೆ. ದಾಯಾದಿಗಳು ವ್ಯಾಜ್ಯ ಹೂಡುತ್ತಾರೆ. ಧರ್ಮದ ಹಣ ನ್ಯಾಯಾಲಯದ ಮೆಟ್ಟಿಲಲ್ಲಿ ಸವೆಯುತ್ತದೆ. ಆದರೆ ದೊರಾಬ್‌ಜಿ, ರತನ್‌ಜಿ ಎಂಬ ಇಬ್ಬರು ಮಕ್ಕಳು ತಂದೆಯ ಮಾತನ್ನು ಹಿಂತೆಗೆಯಲಿಲ್ಲ. ೧೯೦೯ರ ಮೇ ತಿಂಗಳಲ್ಲಿ ಸರ್ಕಾರದ ಆಜ್ಞೆ ಹೊರಟಿತು. ೧೯೧೧ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಅದಕ್ಕೆ ತಮ್ಮ ಹೆಸರು ಬೇಡವೆಂಬುದು ತಾತಾ ಅವರ ಇಚ್ಛೆಯಾಗಿತ್ತು. ಅದು ಭಾರತೀಯ ವಿಜ್ಞಾನ ಸಂಸ್ಥೆಯಾಯಿತು. ಬೆಂಗಳೂರಿನ ಜನರು ಮಾತ್ರ ಕೇಳದೆ ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಬೇಡದವನಿಗೆ ಕೀರ್ತಿ ಹೀಗೆ ಬರುತ್ತದೆ.

ಮಕ್ಕಳು ತಂದೆಯ ದಾನವನ್ನು ಉಳಿಸಿದ್ದಲ್ಲದೆ ಬೆಳೆಸಿದರು. ರತನ್‌ಜಿಯವರ ಧನದಿಂದ ೧೯೧೯ರಲ್ಲಿಯೂ ದೊರಾಬ್‌ಜಿಯವರ ಧನದಿಂದ ೧೯೩೨ರಲ್ಲಿಯೂ ಧರ್ಮನಿಧಿಗಳು ನಿಂತವು. ದೊರಾಬ್‌ಜಿಯವರ ಪತ್ನಿ ರಕ್ತದ ಅರ್ಬುದರೋಗದಿಂದ ೧೯೩೧ರಲ್ಲಿ ತೀರಿಕೊಂಡಿದ್ದರು. ಆ ನಿಧಿಯಿಂದ ೧೯೪೧ರಲ್ಲಿ ಮುಂಬಯಿಯಲ್ಲಿ ಅರ್ಬುದ ಚಿಕಿತ್ಸೆಯ ಆಸ್ಪತ್ರೆ ತೆರೆಯಿತು. ಬೆಂಗಳೂರಿನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಭ್ಯಾಸಮಾಡುತ್ತಿದ್ದ ಹೋಮಿ ಭಾಭಾ ಅವರು ೧೯೪೪ರಲ್ಲಿ ಅದೇ ನಿಧಿಯ ಧರ್ಮದರ್ಶಿಗಳಿಗೆ ಬರೆದುಕೊಂಡರು. ಮರುವರ್ಷ ಮೂಲವಿಜ್ಞಾನದ ತಾತಾ ಸಂಶೋಧನಾಲಯವು ಬೆಂಗಳೂರಿನಲ್ಲಿಯೇ ಆರಂಭವಾಗಿ ಆಮೇಲೆ ಮುಂಬಯಿಗೆ ಹೋಯಿತು. ೧೯೬೯ರಲ್ಲಿ ಸಂಗೀತ ನಾಟಕಾದಿ ಕಲೆಗಳ ರಾಷ್ಟ್ರೀಯ ಕೇಂದ್ರಕ್ಕೂ ತಾತಾ ನಿಧಿಗಳ ಆಸರೆ ದೊರೆಯಿತು. ಆಸ್ಪತ್ರೆಯನ್ನು ೧೯೫೭ರಲ್ಲಿ ಸರ್ಕಾರವು ವಹಿಸಿಕೊಂಡಿತು. ಧರ್ಮನಿಧಿಯ ಕ್ರಮವೇ ಇದು: ಸರ್ಕಾರವು ಅನುಮಾನಿಸುವಲ್ಲಿ ಅದು ಮೊದಲ ಹೆಜ್ಜೆಯಿಡುತ್ತದೆ, ಕೆಲಸವು ನಿಂತ ಮೇಲೆ ರಾಷ್ಟ್ರವು ಭಾರವನ್ನು ಹೊರುತ್ತದೆ.

ಆದುದರಿಂದ ಮೈಸೂರಿನ ಪಾಲನ್ನೂ ಮರೆಯಲಾಗದು. ವರ್ತಕನು ಧನವನ್ನು ಕೊಟ್ಟನು, ಅರಸನು ನೆಲವನ್ನು ಕೊಟ್ಟನು, ಮಕ್ಕಳು ಮಾತನ್ನು ಉಳಿಸಿದರು. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ೩೭೧ ಎಕರೆ ಬಯಲಾಗಿಯೇ ಉಳಿಯುತ್ತಿತ್ತು.

ನಮ್ಮ ಮಲೆನಾಡಿನಲ್ಲಿಯೂ ಅಡಕೆ ಕಾಫಿಗಳಿಂದ, ನೆಲದೊಳಗಿನ ಅದಿರಿನಿಂದ ಹಣವು ಹುಟ್ಟಿದೆ. ನೆಲದಿಂದ ತೆಗೆದ ಅದಿರು ಮರಳಿ ಬೆಳೆಯುವುದಿಲ್ಲ. ಅದರಿಂದ ಬಂದ ಹಣವು ವಿದ್ಯೆಯಾಗಿ, ಔಷಧವಾಗಿ ಬೆಳೆಯಬಲ್ಲುದು. ಶಾಲೆಯ ಗೋಡೆಗೆ ತಮ್ಮ ಹೆಸರಿನ ಕಲ್ಲನ್ನು ಮೊದಲು ಕೆತ್ತಿಸಿ, ಅನಂತರ ಗೋಡೆಯ ಚಿಂತೆಗೆ ತೊಡಗುವ ಉಳ್ಳವರೂ, ತಮ್ಮ ಜಾತಿಯ ಗಡಿಯೊಳಗೆ ಔದಾರ್ಯವನ್ನು ಮುಗಿಸುವವರೂ ಈ ಚರಿತ್ರೆಯನ್ನು ಒಮ್ಮೆ ಮನನಮಾಡಲಿ. ದೇಶಕ್ಕೆ ಬೇಕಾದುದು ಕಲ್ಲಿನ ಮೇಲಣ ಹೆಸರಲ್ಲ. ಕೊಟ್ಟವನು ಹೋದ ಮೇಲೂ ನಡೆಯುವ ಕೆಲಸ.