ಪಂಡಿತಾ ರಮಾಬಾಯಿ: ವಿದ್ಯೆ ಮತ್ತು ನೆಲೆಯ ಪ್ರಶ್ನೆ

ಭಾರತೀಯ ಸ್ತ್ರೀವಾದದ ಚರಿತ್ರೆಕಾರರು ಪಂಡಿತಾ ರಮಾಬಾಯಿಯವರ ಬದುಕನ್ನು ಸಾಮಾನ್ಯವಾಗಿ ಪುಣೆಯಿಂದ ಆರಂಭಿಸುತ್ತಾರೆ. ಆದರೆ ಅವರು ಎದುರಿಸಿದ ಮೂಲಭೂತ ಪ್ರಶ್ನೆ ಅವರಿಗಿಂತ ಮೊದಲೇ ಕನ್ನಡ ಕರಾವಳಿಯಲ್ಲಿ ಹುಟ್ಟಿಕೊಂಡಿತ್ತು. ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವಾಂಸರ ಸಭೆಗೆ ಸಮಾಧಾನ ಹೇಳಬೇಕಾಯಿತು. ಶಾಸ್ತ್ರಾಧಾರಗಳಿಂದ ಅವರು ತಮ್ಮ ನಿಲುವನ್ನು ಸಮರ್ಥಿಸಿಕೊಂಡರಾದರೂ ಸ್ತ್ರೀಯರಿಗೆ ವೇದಾಧಿಕಾರವನ್ನು ಒಪ್ಪಲಿಲ್ಲ. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ರಮಾಬಾಯಿಗೆ ಪಾಠ ಹೇಳಿದವರು ವೃದ್ಧರಾಗಿದ್ದ ತಂದೆಯಲ್ಲ, ತಾಯಿ. ಹೆಣ್ಣಿನಿಂದ ಹೆಣ್ಣಿಗೆ ಸಂದ ಈ ವಿದ್ಯಾಪರಂಪರೆಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಪುರಾಣಪಠಣದಿಂದ ಜೀವಿಸುತ್ತ ಅಲೆದಾಡಿದ ಕುಟುಂಬವನ್ನು 1870ರ ದಶಕದ ಕ್ಷಾಮ ನುಂಗಿತು. ಅಣ್ಣನೊಡನೆ 1878ರಲ್ಲಿ ಕಲ್ಕತ್ತೆ ತಲುಪಿದ ರಮಾಬಾಯಿಗೆ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಜಾತಿ ಮೀರಿ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದ ಅವರು ಎರಡೇ ವರ್ಷಗಳಲ್ಲಿ ವಿಧವೆಯಾದರು.

1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಆಯೋಗದೆದುರು ಸ್ತ್ರೀ ಶಿಕ್ಷಕಿಯರು ಹಾಗೂ ವೈದ್ಯೆಯರ ಅಗತ್ಯವನ್ನು ಪ್ರತಿಪಾದಿಸಿದರು. ಅದೇ ವರ್ಷದ 'ಸ್ತ್ರೀಧರ್ಮನೀತಿ' ಹೆಣ್ಣುಮಕ್ಕಳಿಗೇ ಬುದ್ಧಿ ಹೇಳುವ ಕೃತಿ. ಇಂದಿನ ಓದುಗರಿಗೆ ಅದು ಇರುಸುಮುರುಸು ತರಬಹುದು. 1887ರ 'ದಿ ಹೈ ಕಾಸ್ಟ್ ಹಿಂದೂ ವುಮನ್' ಕೃತಿಯ ಹೊತ್ತಿಗೆ ದೋಷದ ಹೊಣೆ ಹೆಣ್ಣಿನಿಂದ ಶಾಸ್ತ್ರ, ಕುಟುಂಬ ಮತ್ತು ಪ್ರಭುತ್ವಗಳತ್ತ ಸರಿದಿತ್ತು. ಈ ಪಲ್ಲಟವೇ ಅವರ ವೈಚಾರಿಕ ಬದುಕಿನ ಮುಖ್ಯ ಘಟ್ಟ. ಈ ನಡುವೆ 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಆದರೆ ಅಲ್ಲಿಯೂ ಚರ್ಚಿನ ಅಧಿಕಾರವನ್ನು ಅವರು ಪ್ರಶ್ನಿಸದೆ ಬಿಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ಕೆಲವು ಬಾಲವಿಧವೆಯರು ಕ್ರೈಸ್ತಮತದತ್ತ ಒಲಿದರೆಂದು 1893ರಲ್ಲಿ ವಿವಾದವೆದ್ದಾಗ 'ಕೇಸರಿ' ಕಟುವಾಗಿ ಟೀಕಿಸಿತು; ರಾನಡೆ, ಭಂಡಾರ್‌ಕರ್ ಅವರಂಥ ಸುಧಾರಕರೂ ಸಲಹಾ ಸಮಿತಿಯಿಂದ ಹೊರಬಂದರು; ಹಲವು ಬಾಲಕಿಯರನ್ನು ಮನೆಯವರು ಕರೆದೊಯ್ದರು. ರಮಾಬಾಯಿಯವರ ಮತಪ್ರಸಾರದ ಉತ್ಸಾಹವನ್ನು ನಿರಾಕರಿಸಲಾಗದು. ಆದರೂ ಸದನ ಬಿಟ್ಟು ಹೊರಟ ಬಾಲವಿಧವೆಗೆ ಬೇರೆ ಯಾವ ಆಸರೆಯಿತ್ತು ಎಂಬುದು ಆ ಚರ್ಚೆಯಲ್ಲಿ ಬದಿಗೆ ಸರಿಯಿತು.

ಮುಂದೆ ಕೇಡಗಾಂವದ 'ಮುಕ್ತಿ' 1896-97ರ ಕ್ಷಾಮಪೀಡಿತ ಹೆಣ್ಣುಮಕ್ಕಳಿಗೆ ಆಶ್ರಯವಾಯಿತು. ಮಗಳು ಮನೋರಮೆ 1921ರಲ್ಲಿ ತೀರಿಕೊಂಡರು. ಹೀಬ್ರೂ, ಗ್ರೀಕ್ ಮೂಲಗಳನ್ನು ಕಲಿತು ರಮಾಬಾಯಿ ಕೈಗೊಂಡ ಬೈಬಲಿನ ಮರಾಠಿ ಅನುವಾದ, 1922ರ ಏಪ್ರಿಲ್ 5ರಂದು ಅವರು ನಿಧನರಾಗುವ ಮುನ್ನ ಮುಗಿದಿತ್ತು. ಅದನ್ನು ಅಚ್ಚಿಗೆ ತಂದವರು ಮುಕ್ತಿಯ ಮುದ್ರಣಾಲಯದ ಹೆಂಗಸರು.