ಗದಗಿನ ಪಂಚಾಕ್ಷರಿ ಗವಾಯಿಗಳು

ನಮ್ಮ ಬೆಂಗೇರಿಗೆ ಗದಗ ಬಹಳ ದೂರಿಲ್ಲ. ಅಲ್ಲಿಯ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲಿನ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣನಿಗೂ ಇಲ್ಲ. ಅಂಥ ಹುಡುಗರಿಗೆ ಆಗ ಸಾಲಿ ಎಲ್ಲಿಯದು? ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಕರ್ನಾಟಕಿ, ಹಿಂದುಸ್ತಾನಿ ಎರಡೂ ಬಂದವು.

ಹಾಡಿ ಹೆಸರು ಗಳಿಸಿ ಸುಮ್ಮನೆ ಇರಬಹುದಿತ್ತು. ಆದರೆ ಅವರು ಕಣ್ಣಿಲ್ಲದ, ಬಡವರ ಮನೆಯ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಅದೇ ಅವರ ಸಾಲಿ. ಫೀ ಇಲ್ಲ, ಭಕ್ತರು ಕೊಟ್ಟದ್ದೇ ಊಟ. ಪುಸ್ತಕವೂ ಬೇಕಿಲ್ಲ. ಗುರುಗಳು ಹಾಡಬೇಕು, ಶಿಷ್ಯ ಕೇಳಿ ಹಾಂಗ ಹಾಡಬೇಕು. ತಬಲಾದ ಬೋಲು ಮೊದಲು ಬಾಯಲ್ಲಿ, ಆಮೇಲೆ ಕೈಯಲ್ಲಿ. (ನಮಗೆ ವಹಿ ಇಲ್ಲದಿದ್ದರೆ ಪ್ರಾರ್ಥನೆ ಪದಾನೂ ಬರೂದಿಲ್ಲ!)

ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯೂರಿತು. ಕುಂದಗೋಳ ತಾಲೂಕು ಯಲಿವಾಳದ ಬಸವರಾಜ ರಾಜಗುರು ಅವರಿಗೆ ಕಣ್ಣಿತ್ತು, ಪುಟ್ಟರಾಜರಿಗೆ ಇರಲಿಲ್ಲ. ಇಬ್ಬರೂ ಇವರ ಶಿಷ್ಯರೇ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಹುಡುಗರ ಊಟ, ಪಾಠ ಎಲ್ಲಾ ಭಾರ ಪುಟ್ಟರಾಜರ ಮೇಲೆ ಬಿತ್ತು. ಅವರು ಅದನ್ನು 2010ರ ತನಕ ಹೊತ್ತರು.